ಕುಡಿತ ಬಿಟ್ಟವರ ಏಳು ಗಂಟೆಯ ಗ್ರೂಪು

ಕುಡಿಯುತ್ತಿದ್ದ ಕಾಲದಲ್ಲಿ ನನ್ನ ಹತ್ತಿರ ಹೇಳುವಂಥ ಕತೆಯೇ ಇರಲಿಲ್ಲ. ಇದ್ದರೂ ಮರುದಿನಕ್ಕೆ ನೆನಪಿರುತ್ತಿರಲಿಲ್ಲ. ಬಿಟ್ಟ ಮೇಲೆ ನೋಡಿ, ವಾರಕ್ಕೊಂದು ನಡೆಯುತ್ತದೆ, ಒಂದೂ ಮರೆತುಹೋಗುದಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ಬಸ್ಸಿನಲ್ಲಿ ಕ್ಲೀನರ್, ಬೋರ್‌ವೆಲ್ ಲಾರಿ, ಕೇರಳದಲ್ಲಿ ರಬ್ಬರ್ ಟ್ಯಾಪಿಂಗ್, ಎಲ್ಲಾ ಆಯಿತು. ಎಲ್ಲಿಯೂ ಎರಡು ವರ್ಷ ಕೂತದ್ದಿಲ್ಲ. ಈಗ ಶಾಮಿಯಾನ, ಕುರ್ಚಿ, ಪಾತ್ರೆ ಸಾಗಿಸುವ ಪಿಕಪ್ ಓಡಿಸುತ್ತೇನೆ. ಪುತ್ತೂರು, ಸುಳ್ಯ, ಕಡಬ, ಎಲ್ಲಿ ಮದುವೆ-ಮುಂಜಿಯ ಜಂಬರವೋ ಅಲ್ಲಿ ನಾನು. ಎಲ್ಲಿ ನಾನೋ ಅಲ್ಲಿ ಗಾಡಿಯ ಹಿಂದೆ ಒಂದು ಬಾಟ್ಲಿ. ಕಡೆಗೆ ಹೆಂಡತಿ ಬ್ಯಾಗು ಹಿಡಿದು ಕಲ್ಲುಗುಂಡಿಯ ತಾಯಿಮನೆಗೆ ಹೊರಟಳು. ಬಸ್ಸು ಹತ್ತುವಾಗ ಹೇಳಿದ್ದು ಇಷ್ಟೇ: "ನೂರು ದಿನ ಮುಟ್ಟದೆ ಇರಿ, ಬರ್ತೇನೆ. ತೊಂಬತ್ತೊಂಬತ್ತಕ್ಕೆ ಬರುದಿಲ್ಲ."

ಅವಳ ಅಣ್ಣನೇ ನನ್ನನ್ನು ಫೋನಿನ ಒಂದು ಗ್ರೂಪಿಗೆ ಸೇರಿಸಿದರು. ಕುಡಿತ ಬಿಟ್ಟವರು, ಬಿಡಲಿಕ್ಕೆ ಒದ್ದಾಡುವವರು ಸಂಜೆ ಏಳಕ್ಕೆ, ಅಂದರೆ ಕಾಲು ತಾನಾಗಿ ಅಂಗಡಿ ಕಡೆ ತಿರುಗುವ ಹೊತ್ತಿಗೆ, ಫೋನಿನಲ್ಲಿ ಕೂಡುದು. ಹೆಸರಿಲ್ಲ, ಮುಖವಿಲ್ಲ. ಊರು ಮತ್ತು ದಿನ ಹೇಳಿದರೆ ಸಾಕು: "ನೆಟ್ಟಣ, ಇಪ್ಪತ್ತೇಳು." ನಡೆಸುವವರು ಒಬ್ಬರು ನಿವೃತ್ತ ಮೇಷ್ಟ್ರು, ಬಿಟ್ಟು ಬಹಳ ವರ್ಷವಾದವರು. ಮುಖ ನೋಡಬಾರದು ಅಂದರೆ ನನಗೆ ತಲೆಯಲ್ಲಿ ಹುಳ ಹೊಕ್ಕ ಹಾಗೆ. ಈ ಸ್ವರ ಯಾರದ್ದಿರಬಹುದು, ಇವರ ಮನೆ ಎಲ್ಲಿ? ಗಾಡಿ ಓಡಿಸುವಾಗಲೂ ಅದೇ ಯೋಚನೆ.

1. ನೆಟ್ಟಣದ ಸ್ವರ

ನೆಟ್ಟಣದವರೊಬ್ಬರಿಗೆ ಎರಡು ಮಾತಿಗೊಮ್ಮೆ 'ಅಂದರೆ' ಬೇಕು. ಹಿಂದಿನಿಂದ ರೈಲಿನ ಹಾರ್ನ್ ಬೇರೆ ಕೇಳುತ್ತಿತ್ತು. ಸ್ಟೇಷನ್ ಮಾಸ್ಟರೇ ಇರಬೇಕು ಅಂತ ನಾನು ಲೆಕ್ಕ ಹಾಕಿದ್ದೆ.

ಒಂದು ದಿನ ಆ ಕಡೆ ಒಂದು ಗೃಹಪ್ರವೇಶಕ್ಕೆ ಕುರ್ಚಿ ಇಳಿಸುತ್ತಿದ್ದೆ. ಮನೆಯ ಯಜಮಾನರು ಹೊರಗೆ ಬಂದು, "ಕುರ್ಚಿ, ಅಂದರೆ, ಆ ಬದಿಗೆ, ಅಂದರೆ, ಸಾಲಾಗಿ ಹಾಕಿ" ಅಂದರು.

ನನ್ನ ಕೈಯಿಂದ ಎರಡು ಕುರ್ಚಿ ಬಿತ್ತು. "ಆಯ್ತು ಸಾರ್" ಅಂದೆ. ನನ್ನ ಸ್ವರ ಕೇಳಿ ಅವರ ಮುಖ ಬಿಳಿಚಿತು. ಆಮೇಲೆ ಗೊತ್ತಾಯಿತು, ಅವರು ಸ್ಟೇಷನ್ ಮಾಸ್ಟರಲ್ಲ, ಕಾಲೇಜಿನಲ್ಲಿ ಪಾಠ ಮಾಡುವವರು. ಏಳು ಗಂಟೆಗೆ ಕಾಲೇಜಿನ ಮೀಟಿಂಗು ಅಂತ ಮನೆಯಲ್ಲಿ ಹೇಳಿದ್ದರಂತೆ.

ಹೆಂಡತಿ ಬಂದು ನಮ್ಮಿಬ್ಬರನ್ನೂ ನೋಡಿದರು. "ನಿಮಗೆ ಇವರ ಪರಿಚಯ ಉಂಟಾ?"

"ನಾವು, ಅಂದರೆ, ಕ್ಲಾಸ್‌ಮೇಟು" ಅಂದುಬಿಟ್ಟರು ಲೆಕ್ಚರರು.

ಆ ಅಕ್ಕ ನನ್ನ ಹರಕು ಚಡ್ಡಿ, ಮಸಿ ಹಿಡಿದ ಬನಿಯನ್ನು ಎಲ್ಲ ನೋಡಿದರು. "ಯಾವ ಶಾಲೆ?"

"ಸಂಜೆ ಶಾಲೆ ಅಕ್ಕ" ಅಂದೆ ನಾನು.

"ಪಾಸಾದಿರಾ?"

"ಎಲ್ಲಿಂದ! ಇಬ್ಬರೂ ಇನ್ನೂ ಅದೇ ಕ್ಲಾಸಿನಲ್ಲಿ ಇದ್ದೇವೆ."

2. ಸಿಗ್ನಲ್ ಸಿಗುವ ಜಾಗ

ಕಡಬದ ಆಚೆಯ ಒಬ್ಬರು ಮಾತಾಡುವಾಗಲೆಲ್ಲ ಹಿಂದೆ ಗ್ಲಾಸಿನ ಸದ್ದು. "ಹದಿನೆಂಟು ದಿನ" ಅನ್ನುವಾಗ ಯಾರೋ "ಇನ್ನೊಂದು ಕ್ವಾರ್ಟರ್" ಅಂತ ಕೂಗಿದರು.

ಮೇಷ್ಟ್ರು ಮೆಲ್ಲ ಕೇಳಿದರು: "ನೀವೀಗ ಎಲ್ಲಿದ್ದೀರಿ?"

"ಬಾರಿನ ಎದುರು ಸಾರ್."

"ಎಂತ ಮಾರಾಯ್ರೆ! ಅಲ್ಲಿಂದ ಮೊದಲು ದೂರ ಹೋಗಿ!"

"ನಾನು ದೂರ ಹೋದ್ರೆ ನೀವೆಲ್ಲ ಹೋಗ್ತೀರಿ ಸಾರ್. ನಮ್ಮ ಊರಿನಲ್ಲಿ ಸಿಗ್ನಲ್ ಸಿಗುದು ಈ ಕಟ್ಟೆಯಲ್ಲಿ ಮಾತ್ರ."

ನಾನು ನಂಬಲಿಲ್ಲ. ಆ ಕಡೆ ಬಾಡಿಗೆ ಸಿಕ್ಕಿದ ದಿನ ಹೋಗಿ ನೋಡಿದೆ. ನಿಜ! ಮನುಷ್ಯ ಬಾರಿಗೆ ಬೆನ್ನು ಹಾಕಿ, ಫೋನು ಎತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದಾರೆ. ಕುಡಿಯಲಿಕ್ಕೆ ಬಂದವರು ಸುತ್ತು ಹಾಕಿ ಒಳಗೆ ಹೋಗುತ್ತಿದ್ದಾರೆ. ಅವರ ಹೆಂಡತಿಗೆ ಚಾಡಿ ಹೇಳಿದವರು ಎಷ್ಟು ಜನವೋ. ಆ ಅಕ್ಕ ಪ್ರತಿಯೊಬ್ಬರಿಗೂ ಹೇಳುದು ಒಂದೇ ಅಂತೆ: "ಅವರು ಅಲ್ಲಿಗೆ ಹೋಗುದು ಕುಡಿತ ಬಿಡ್ಲಿಕ್ಕೆ."

ಒಂದು ತಿಂಗಳು ನೋಡಿದ ಬಾರಿನ ಸಾಹುಕಾರರು ಒಂದು ಕುರ್ಚಿ ತಂದು ಹಾಕಿದರು. ಮತ್ತೊಂದು ವಾರ ಹಿಂದೆ ನಿಂತು ಕೇಳಿದರು. ಆಮೇಲೆ ಮೆಲ್ಲ, "ನನ್ನನ್ನೂ ಇದಕ್ಕೆ ಸೇರಿಸ್ತೀರಾ? ವೈದ್ಯರು ಹೇಳಿ ಸಾಕಾಯ್ತು" ಅಂದರಂತೆ.

ಈಗ ಏಳರಿಂದ ಎಂಟರವರೆಗೆ ಬಾರಿನ ಗಲ್ಲಾದಲ್ಲಿ ಕೂರುದು ಅವರ ತಮ್ಮ.

3. ಕೈಗೆ ಕೆಲಸ

ನನ್ನ ಮೂವತ್ತೆರಡನೇ ದಿನ ಸುಳ್ಯದ ಹತ್ತಿರ ಒಂದು ಮದುವೆ. ಊಟ ಮುಗಿದು ಪಾತ್ರೆಗೆ ಕಾಯುತ್ತಿದ್ದೆ. ಅಡುಗೆಯವರು ಗಾಡಿಯ ಹಿಂದೆ ಸುರು ಮಾಡಿದರು, ನನ್ನ ಪಾಲಿನ ಗ್ಲಾಸೂ ಇಟ್ಟರು. ಆಸೆ ಬಂದರೆ ಗ್ರೂಪಿನ ಯಾರಿಗಾದರೂ ಫೋನು ಮಾಡಬೇಕು ಅಂತ ನಿಯಮ. ಮೊದಲು ಸಿಕ್ಕಿದ ನಂಬರು ಒತ್ತಿದೆ. ಎತ್ತಿದ್ದು ಒಬ್ಬರು ಅಕ್ಕ, ಪುತ್ತೂರಿನ ಕಡೆಯವರು.

"ಎಂತ ಮಾಡ್ತಾ ಇದ್ದಿ?"

"ನಿಂತಿದ್ದೇನೆ ಅಕ್ಕ."

"ನಿಲ್ಬೇಡ! ಕೈಗೆ ಎಂತಾದ್ರೂ ಕೆಲಸ ಕೊಡು. ಆಸೆ ಹೋಗುವವರೆಗೆ ಬಿಡ್ಬೇಡ."

ಕಣ್ಣಿಗೆ ಬಿದ್ದದ್ದು ಸಾಂಬಾರಿನ ಕಡಾಯಿ. ತೆಂಗಿನ ನಾರು ಹಿಡಿದು ಉಜ್ಜಲು ಕೂತೆ. ಅದು ಮುಗಿದರೂ ಆಸೆ ಹೋಗಲಿಲ್ಲ. ಪಾಯಸದ್ದು ತೊಳೆದೆ, ಅನ್ನದ ದೊಡ್ಡ ಚರಿಗೆ ತೊಳೆದೆ. ಆಸೆ ಹೋಗುವಾಗ ಒಂದು ಸೌಟೂ ಉಳಿದಿರಲಿಲ್ಲ.

ಸುದ್ದಿ ಹಬ್ಬಿತು. ಮುಂದಿನ ವಾರ ಅಡುಗೆ ಕಂಟ್ರಾಕ್ಟರರೊಬ್ಬರ ಫೋನು: "ನಾಡಿದ್ದು ಐನೂರು ಜನರ ಊಟ ಉಂಟು ಮಾರಾಯ್ರೆ. ನಿಮಗೆ ಆ ದಿನ ಕುಡಿಯುವ ಮನಸ್ಸಾಗುವ ಅಂದಾಜು ಉಂಟಾ?"

4. ಅಜ್ಜನಿಗೆ ಹೇಳಿದ್ದು

ಬಿಟ್ಟು ಅರವತ್ತು ದಿನದ ಆಸುಪಾಸಿನಲ್ಲಿ ಒಮ್ಮೆ ತೀರಾ ಕಷ್ಟವಾಯಿತು. ದಾರಿ ಬದಿಯಲ್ಲಿ ನಮ್ಮ ದೈವದ ಕಟ್ಟೆ ಉಂಟು, ನಾವು ಅಜ್ಜ ಅಂತಲೇ ಕರೆಯುದು. ಗಾಡಿ ನಿಲ್ಲಿಸಿ ಕೈ ಮುಗಿದೆ. ದನ ಕಳೆದರೂ ಕೀ ಕಳೆದರೂ ಅಜ್ಜನಿಗೆ ಹೇಳುವ ಹರಕೆ ಒಂದೇ, ಬಾಯಿಗೆ ಅದೇ ಬಂತು: "ಅಜ್ಜ, ನೂರು ದಿನ ಕುಡಿಯದ ಹಾಗೆ ನೋಡಿಕೋ, ನಿನಗೊಂದು ಬಾಟ್ಲಿ ಕೊಡ್ತೇನೆ."

ಅಜ್ಜ ನೋಡಿಕೊಂಡ. ನೂರು ಮುಗಿಯಿತು. ಹೆಂಡತಿ ಮರುದಿನ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ ಅಂದಳು. ಅವಳು ಬರುವ ಮೊದಲು ಹರಕೆ ತೀರಿಸಬೇಕಲ್ಲ? ಆಗ ಹೊಳೆಯಿತು, ಬಾಟ್ಲಿ ತರಲಿಕ್ಕೆ ವೈನ್‌ಶಾಪಿಗೆ ಹೋಗಬೇಕು.

ಗ್ರೂಪಿನಲ್ಲಿ ಕೇಳಿದೆ. ಗದ್ದಲವೋ ಗದ್ದಲ.

"ನಾನು ತಂದುಕೊಡ್ತೇನೆ" ಅಂದರು ಕಡಬದವರು.

"ನೀವಾ?" ಅಂತ ಎಲ್ಲರೂ ಒಟ್ಟಿಗೆ.

ಮೇಷ್ಟ್ರು ತೀರ್ಪು ಕೊಟ್ಟರು: "ಒಬ್ಬನೇ ಹೋಗುದು ಅಪಾಯ. ನಾಲ್ಕು ಜನ ಹೋಗುವ. ಒಬ್ಬರನ್ನೊಬ್ಬರು ನೋಡಿಕೊಳ್ಳುವ."

ಹಾಗೆ ನಾನು, ಮೇಷ್ಟ್ರು, ಲೆಕ್ಚರರು, ಕಡಬದವರು, ನಾಲ್ವರೂ ಮೊದಲ ಸಲ ಒಟ್ಟಿಗೆ ಸೇರಿದ್ದು ಸುಳ್ಯದ ಒಂದು ವೈನ್‌ಶಾಪಿನ ಎದುರು, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ. ಬಾಟ್ಲಿ ನನ್ನ ಕೈಗೆ ಬಂತು. ತಿರುಗಿದರೆ ರಸ್ತೆಯಲ್ಲಿ ಕಲ್ಲುಗುಂಡಿ ಕಡೆಯಿಂದ ಬಂದ ಬಸ್ಸು. ಕಿಟಕಿಯಲ್ಲಿ ಹೆಂಡತಿ. ಮಧ್ಯಾಹ್ನದವರೆಗೆ ಕಾಯಲಾಗದೆ ಬೇಗ ಹೊರಟಿದ್ದಳು.

ಬಸ್ಸು ನಿಲ್ಲಿಸಿ ಇಳಿದಳು. ಕಣ್ಣಲ್ಲಿ ನೀರು ತುಂಬಿತ್ತು. "ನೂರು ಮುಗಿಯುದನ್ನೇ ಕಾಯ್ತಾ ಇದ್ರಾ?"

"ಇದು ನನಗಲ್ಲ, ಅಜ್ಜನಿಗೆ" ಅಂದೆ. ಅಷ್ಟು ವರ್ಷ ಹೇಳಿದ ಸುಳ್ಳುಗಳಲ್ಲಿಯೂ ಇಷ್ಟು ಹಸಿಯಾಗಿ ಕೇಳುವಂಥದ್ದು ಒಂದಿರಲಿಲ್ಲ. ಅವಳು ಬ್ಯಾಗು ಹೆಗಲಿಗೇರಿಸಿ ವಾಪಸು ತಿರುಗಿದಳು.

"ಅಮ್ಮಾ, ನಾನು ಮೇಷ್ಟ್ರು" ಅಂತ ಹಿರಿಯರು ಅಡ್ಡ ಬಂದರು. "ನಾನು ತೊಂಬತ್ತಾರು ಅಕ್ಕ" ಅಂದರು ಕಡಬದವರು. "ನಾನು, ಅಂದರೆ, ನೂರ ಇಪ್ಪತ್ತು" ಅಂದರು ಲೆಕ್ಚರರು. ಅವಳು ಒಬ್ಬೊಬ್ಬರ ಹತ್ತಿರ ಹೋಗಿ ಉಸಿರು ಮೂಸಿ ನೋಡಿದಳು. ಕೊನೆಗೆ ನನ್ನದು. ಆಮೇಲೆ ಬಾಟ್ಲಿ ಕಿತ್ತುಕೊಂಡು ಸೆರಗಿನಡಿ ಹಿಡಿದು, "ನಡೀರಿ ಕಟ್ಟೆಗೆ" ಅಂದಳು.

ಕಟ್ಟೆಯಲ್ಲಿ ಪೂಜೆಯವರು ಅಜ್ಜನಿಗೆ ಎರೆದು, ಉಳಿದದ್ದನ್ನು ಕ್ರಮದಂತೆ ಪ್ರಸಾದ ಅಂತ ನಮ್ಮ ಕಡೆ ನೀಡಿದರು. ಎಂಟು ಕೈ ಒಟ್ಟಿಗೆ ಬೆನ್ನ ಹಿಂದೆ ಹೋಯಿತು.

"ಇದನ್ನು ಬೇಡ ಅಂದವರನ್ನು ಇವತ್ತೇ ನೋಡಿದ್ದು!" ಅಂದರು ಪೂಜೆಯವರು.

"ಪೂರ್ತಿ ಅಜ್ಜನಿಗೇ ಇರಲಿ" ಅಂದ ಹೆಂಡತಿ ಕೈಮುಗಿದು ಕಣ್ಣು ಮುಚ್ಚಿದಳು. "ಅಜ್ಜ, ಇವರು ಇನ್ನೂ ನೂರು ದಿನ ಹೀಗೇ ಇದ್ರೆ, ನಿನಗೆ ಇನ್ನೊಂದು ಬಾಟ್ಲಿ."

"ಬೇಡ ಅಕ್ಕಾ!" ಅಂತ ಮೂವರೂ, "ಬೇಡ ಮಾರಾಯ್ತಿ!" ಅಂತ ನಾನೂ ಬೊಬ್ಬೆ ಹೊಡೆದೆವು.

ಅವಳು ಒಂದೇ ಕಣ್ಣು ತೆರೆದು ನಮ್ಮನ್ನು ನೋಡಿದಳು. "ಹೆದರ್ಬೇಡಿ. ಇನ್ನು ಅಂಗಡಿಗೆ ಹೋಗುದು ನಾನು."