ಇಲಿಗೆ ಹತ್ತಿದ ನಡುಕ

ಇಷ್ಟಕ್ಕೆಲ್ಲ ಕಾರಣ ಅಕ್ಕ ಕೊಟ್ಟ ಅರ್ಧ ಗುಳಿಗೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಪ್ರಯೋಗಾಲಯದಲ್ಲಿ ಪುಕ್ಕಲಣ್ಣನಿಗಿಂತ ಹಿರಿಯಳು, ಬೇಡವೆಂದರೂ ಬುದ್ಧಿ ಹೇಳುವವಳು. ಅವನಿಗೆ ಆ ಹೆಸರಿಟ್ಟವಳೂ ಅವಳೇ.

ಪುಕ್ಕಲಣ್ಣನ ಸಂಶೋಧನೆಯೂ ಪುಕ್ಕಲುತನದ ಮೇಲೆಯೇ. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಔಷಧವನ್ನು ಸಣ್ಣ ಕೊಳವೆಯಿಂದ ನೇರ ಇಲಿಯ ಮಿದುಳಿಗೇ ಹನಿಸಿದರೆ ಅದರ ಭಯ ಇಳಿಯುತ್ತದೆಯೇ? ಅದನ್ನು ಪರೀಕ್ಷಿಸಲು ಕೂಡುವ (+) ಗುರುತಿನಾಕಾರದ ಒಂದು ಎತ್ತರದ ಹಲಗೆ. ಎರಡು ತೋಳಿಗೆ ಗೋಡೆ ಉಂಟು, ಎರಡಕ್ಕಿಲ್ಲ. ಹೆದರಿದ ಇಲಿ ಗೋಡೆಯ ಮರೆ ಬಿಡುವುದಿಲ್ಲ. ಬೆಳಿಗ್ಗೆ ಬರೀ ಉಪ್ಪುನೀರು ಹನಿಸಿದ ಇಲಿಗಳು ಮೂಲೆ ಹಿಡಿಯುತ್ತಿದ್ದವು. ಮಧ್ಯಾಹ್ನ ಔಷಧ ಹನಿಸಿದವು ಮಾವನ ಮನೆಗೆ ಬಂದ ಅಳಿಯನಂತೆ ಗೋಡೆಯಿಲ್ಲದ ಬಯಲಲ್ಲಿ ಅಡ್ಡಾಡುತ್ತಿದ್ದವು. ಪ್ರೊಫೆಸರರು ಇವತ್ತು ಕಣ್ಣಾರೆ ನೋಡಿ ಒಪ್ಪಿದರೆ ಡಾಕ್ಟರೇಟು, ಬೆನ್ನಿಗೇ ಕಾಲೇಜಿನ ನೌಕರಿ, ನೌಕರಿಯಿಲ್ಲವೆಂದು ಹಂಗಿಸುವ ಅತ್ತೆಯ ಬಾಯಿಗೆ ಬೀಗ.

ಆದರೆ ಪ್ರೊಫೆಸರರು ಪಕ್ಕದ ಕೋಣೆಯಲ್ಲಿ ಕೆಮ್ಮಿದರೂ ಅವನ ಕೈ ನಡುಗುತ್ತಿತ್ತು. ಮಧ್ಯಾಹ್ನ ಅವರು ಮನೆಗೆ ಹೊರಟ ಮೇಲೆಯೇ ಅವನಿಗೆ ಜೀವ ಬರುತ್ತಿದ್ದುದು.

"ಈ ಕೈಯಲ್ಲಿ ಇಲಿ ಹಿಡೀತೀಯಾ? ತಗೋ ಅರ್ಧ ಗುಳಿಗೆ, ಭಾಷಣಕ್ಕೆ ಮುಂಚೆ ತಗೊಳ್ಳೋಕೆ ಅಂತ ಡಾಕ್ಟರು ನನಗೆ ಬರೆದುಕೊಟ್ಟಿದ್ದು. ನಿನ್ನ ಇಲಿಗಳ ಔಷಧಾನೇ," ಅಂದಳು ಅಕ್ಕ.

"ನನಗೇನಾದ್ರೂ ಆದ್ರೆ?"

"ಇಲಿಗಳು ಹಾಗೆ ಕೇಳಿದ್ವಾ?"

ನುಂಗಿದ. ಪ್ರೊಫೆಸರರು ಬರುವಷ್ಟರಲ್ಲಿ ಕೈ ಕಲ್ಲಿನಂತೆ ನಿಂತಿತ್ತು. ಉಪ್ಪುನೀರಿನ ಇಲಿಯನ್ನು ಮೆಲ್ಲಗೆ ಎತ್ತಿ ಹಲಗೆಯ ಮೇಲೆ ಬಿಟ್ಟ. ಅಕ್ಕ ಸ್ಟಾಪ್‌ವಾಚ್ ಒತ್ತಿದಳು. ಇಲಿ ಸೀದಾ ಬಯಲಿಗೆ ಬಂದು ಕೂತು ಮುಖ ತೊಳೆದುಕೊಂಡಿತು. ಅದರ ನಂತರ ಬಿಟ್ಟದ್ದೂ ಹಾಗೆಯೇ. ಆಮೇಲೆ ಬಿಟ್ಟ ಔಷಧದ ಇಲಿಗಳೂ ಅಷ್ಟೇ; ಒಂದೂ ಮೂಲೆ ಹಿಡಿಯಲಿಲ್ಲ.

"ಎಲ್ಲಾ ಒಂದೇ ಥರ ಅಡ್ಡಾಡ್ತಿವೆಯಲ್ಲಪ್ಪ. ಔಷಧ ಮಾಡಿದ್ದೇನು?" ಅಂದರು ಪ್ರೊಫೆಸರರು.

ಅಕ್ಕನ ಬಾಯಿ ಸುಮ್ಮನಿರಲಿಲ್ಲ. "ಸರ್, ಇವತ್ತು ಇವನೂ ಅದೇ ಔಷಧ ತಗೊಂಡಿದಾನೆ."

ಪ್ರೊಫೆಸರರು ಕನ್ನಡಕ ತೆಗೆದರು. "ದಿನಾ ಉಪ್ಪುನೀರು ಯಾವಾಗ ಕೊಡ್ತಿದ್ದೆ?"

"ಬೆಳಿಗ್ಗೆ ಸರ್. ತಾವು ಇರೋವಾಗ."

"ಔಷಧ?"

"ತಾವು ಹೋದ್ಮೇಲೆ."

ಹೇಳುತ್ತಿದ್ದಂತೆ ಅವನಿಗೇ ಅರ್ಥವಾಯಿತು. ಇಲಿಗಳು ಹೆದರಿದ್ದು ಹಲಗೆಗಲ್ಲ, ತನ್ನ ನಡುಗುವ ಹಿಡಿತಕ್ಕೆ. ವರ್ಷಗಟ್ಟಲೆ ತನ್ನ ಭಯವನ್ನೇ ಆ ಬಡಪಾಯಿಗಳ ಮೈಗೆ ಹತ್ತಿಸಿ, ಅದನ್ನೇ ಅಳೆದು ಬರೆದಿದ್ದ. ಡಾಕ್ಟರೇಟು ಹೋಯಿತೆಂಬ ಸಂಕಟಕ್ಕಿಂತ ಇದು ಹೆಚ್ಚು ಚುಚ್ಚಿತು.

ಪ್ರೊಫೆಸರರ ಮುಖ ಮಾತ್ರ ಅರಳಿತ್ತು. "ಬೇಜಾರು ಮಾಡ್ಕೋಬೇಡ, ಇದು ಇನ್ನೂ ಒಳ್ಳೇ ವಿಷಯ. ನಾಳೆಯಿಂದ ಹೊಸದಾಗಿ ಶುರು. ದಿನಾ ಅಕ್ಕ ನಿನಗೊಂದು ಗುಳಿಗೆ ಕೊಡ್ತಾಳೆ. ಒಂದು ದಿನ ಔಷಧ ಇರುತ್ತೆ, ಒಂದು ದಿನ ಬರೀ ಸಕ್ಕರೆ. ಯಾವತ್ತು ಯಾವುದು ಅಂತ ಹೇಳಲ್ಲ. ನಾನು ಪಕ್ಕದಲ್ಲೇ ನಿಂತಿರ್ತೀನಿ."

"ಇಲಿಗಳಿಗೆ ಏನು ಕೊಡೋದು ಸರ್?"

"ಅವಕ್ಕೇನಾಗಿದೆ? ಚೆನ್ನಾಗೇ ಇವೆಯಲ್ಲ."

ಪುಕ್ಕಲಣ್ಣ ತನಗೇ ತಿಳಿಯದಂತೆ ಹಿಂದೆ ಸರಿದು ಗೋಡೆಯ ಮೂಲೆಗೆ ಒರಗಿದ. ಅಕ್ಕ ಸ್ಟಾಪ್‌ವಾಚ್ ಒತ್ತಿದಳು.