ಸರಿಹೋದ ಅಡಾಪ್ಟರಿನ ತನಿಖೆ

ಕೆಟ್ಟುಹೋದ ವಸ್ತುವಿನ ಜೊತೆ ಹೇಗೋ ಬಾಳಬಲ್ಲೆ. ತಾನಾಗಿಯೇ ಸರಿಹೋದ ವಸ್ತುವಿನ ಜೊತೆ ನನ್ನಿಂದಾಗದು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ನನಗೆ ದಕ್ಕಿದ್ದು ಇಷ್ಟೇ: ಕಾರಣ ತಿಳಿಯದೆ ಯಾವುದನ್ನೂ ನಂಬಬಾರದು. ಈಚೆಗೆ ನನ್ನ ನೆನಪನ್ನೂ ನಂಬಲಾಗುತ್ತಿಲ್ಲ. ಗ್ಯಾಸ್ ಆರಿಸಿದೆನೇ ಎಂದು ಬೀದಿಯ ಕೊನೆಯಿಂದ ವಾಪಸು ಬಂದು ನೋಡುತ್ತೇನೆ. ಮತ್ತೆ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ, ನೋಡಿದೆನೇ ಎಂಬ ಅನುಮಾನ. ಇಂಥವನ ಕೈಗೆ ಮಗಳ ಗೇಮ್ ಕನ್ಸೋಲಿನ ಅಡಾಪ್ಟರ್ ಸಿಕ್ಕಿತು.

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆಹುಳು ಸಾಕುವವರು. ಒಂದು ಬೆಳೆಯ ಗೂಡು ಮಾರಿ, ಮುಂದಿನ ಎಳೆಹುಳು ಮನೆಗೆ ಬರುವ ನಡುವಿನ ಬಿಡುವಿನಲ್ಲಿ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬರುತ್ತಾರೆ. ಈ ಸಲ ಮೊಮ್ಮಗಳು ಅವರ ಕೈಗೆ ರಿಮೋಟಿನಂಥದ್ದೊಂದನ್ನು ಕೊಟ್ಟು ಟಿವಿಯಲ್ಲಿ ಕಾರು ಓಡಿಸುವುದು ಕಲಿಸಿದಳು. ಮೊದಮೊದಲು ಅತ್ತೆಯ ಕಾರು ಬೇಲಿ ಮೇಯಲು ಹೋಗುತ್ತಿತ್ತು. ಆಮೇಲೆ ಅವರು ಮೊಮ್ಮಗಳನ್ನೇ ಗುದ್ದಿ ಮುಂದೆ ಹೋಗತೊಡಗಿದರು. ಭಾನುವಾರ ಮಧ್ಯಾಹ್ನ ಕೊನೆಯ ಪಂದ್ಯ, ಸಂಜೆ ಬಸ್ಸು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. ಹುಳು ಬಂದಮೇಲೆ ಅತ್ತೆ ಮನೆ ಬಿಟ್ಟು ಕದಲುವಂತಿಲ್ಲ. ಊಟ ಮುಗಿಸಿ ಕೂತರೆ ಕನ್ಸೋಲಿಗೆ ಜೀವವೇ ಇಲ್ಲ. ಅಡಾಪ್ಟರಿನಲ್ಲಿ ಬಿಳಿಯ ಬದಲು ಕಿತ್ತಳೆ ದೀಪ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು ಎಂದು ಇಬ್ಬರಿಗೂ ಪಾಠ ಮಾಡಿದೆ. ಮಾಡುತ್ತಲೇ ಪ್ಲಗ್ಗನ್ನು ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕಿತ್ತು ಗೋಡೆಗೆ ಹಾಕಿದೆ, ವೈರ್ ಬದಲಿಸಿದೆ, ಬಿಸಿಯಾಗಿದ್ದ ಅಡಾಪ್ಟರನ್ನು ಫ್ಯಾನಿನ ಮುಂದಿಟ್ಟೆ. ಅತ್ತೆ ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ. ಅಳಿಯನಿಗೆ ಹೇಳಬೇಕಾದ್ದೆಲ್ಲ ಮೊಮ್ಮಗಳ ಮೂಲಕವೇ ಬರಬೇಕು. ಹುಳುಮನೆಯ ಕಿಟಕಿಗೆ ಕಟ್ಟುವಂತೆ ಒದ್ದೆ ಗೋಣಿಚೀಲ ಸುತ್ತಿದರೆ ತಣ್ಣಗಾಗುತ್ತದೆ ಎಂಬ ಸಲಹೆ ಹಾಗೆಯೇ ಬಂತು. ಕರೆಂಟಿಗೂ ನೀರಿಗೂ ಆಗಿಬರುವುದಿಲ್ಲವೆಂಬ ಉತ್ತರವನ್ನು ನಾನೂ ಹಾಗೆಯೇ ಕಳಿಸಿದೆ.

ಅಷ್ಟರಲ್ಲಿ ಬಿಳಿ ದೀಪ ಹತ್ತಿತು. ಟಿವಿಯಲ್ಲಿ ಕಾರುಗಳು ಸಾಲಾಗಿ ನಿಂತವು. ಅತ್ತೆ ಸೆರಗು ಸಿಕ್ಕಿಸಿಕೊಂಡು ಚಾಪೆಯ ಮೇಲೆ ಕೂತರು. ನಾನು ನಿಂತೇ ಇದ್ದೆ. ಸರಿಹೋದದ್ದು ಯಾವುದರಿಂದ? ಗೋಡೆಯಿಂದಲೋ, ವೈರಿನಿಂದಲೋ, ಫ್ಯಾನಿನಿಂದಲೋ? ವೈರನ್ನು ನಿಜಕ್ಕೂ ಬದಲಿಸಿದೆನೇ, ಅಥವಾ ಕಿತ್ತದ್ದನ್ನೇ ಮತ್ತೆ ಚುಚ್ಚಿದೆನೇ? ಎರಡೂ ಕಪ್ಪಗೆ ಒಂದೇ ಥರ ಇದ್ದವು. ಹೀಗೆ ಬಿಟ್ಟರೆ ನಾಳೆ ಮತ್ತೆ ಕೆಟ್ಟಾಗ ಏನು ಮಾಡುವುದು?

"ಒಂದು ನಿಮಿಷ ಇರಮ್ಮ," ಎಂದು ಪ್ಲಗ್ ಕಿತ್ತೆ.

"ಬಂದಿತ್ತಲ್ಲಪ್ಪ," ಎಂದಳು ಮಗಳು.

ಮತ್ತೆ ಹಾಕಿದೆ. ಕಿತ್ತಳೆ. ಆಮೇಲೆ ಕಿತ್ತಳೆಯೂ ಇಲ್ಲ. ಗೋಡೆ, ವೈರ್, ಫ್ಯಾನ್ ಎಲ್ಲಕ್ಕೂ ಇನ್ನೊಂದು ಸುತ್ತು ಹರಕೆ ಸಲ್ಲಿಸಿದ್ದಾಯಿತು. ಹೊರಗೆ ಬಿಸಿಲು ಇಳಿಯಿತು, ಬಸ್ಸಿನ ಹೊತ್ತಾಯಿತು.

ಅತ್ತೆ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟು ಮೊಮ್ಮಗಳಿಗೆ ಹೇಳಿದರು: "ಹುಳ ಸೊಪ್ಪು ಮೇಯ್ತಾ ಇರೋವಾಗ, ಯಾಕೆ ಮೇಯ್ತೈತೆ ಅಂತ ಯಾರಾನ ಎತ್ತಿ ನೋಡ್ತಾರೇನಮ್ಮ?"

ಬಸ್ ನಿಲ್ದಾಣದವರೆಗೂ ಅಜ್ಜಿ ಮೊಮ್ಮಗಳು ನಡೆಯದ ಪಂದ್ಯದ ಜಗಳವಾಡಿದರು. ಗೆಲ್ಲುತ್ತಿದ್ದದ್ದು ತಾನೇ ಎಂದು ಅವಳು, ತಾನೇ ಎಂದು ಇವರು; ಇಬ್ಬರಿಗೂ ಪೂರ್ತಿ ಖಾತ್ರಿ, ಇಬ್ಬರ ಬಳಿಯೂ ಚೂರೂ ಆಧಾರವಿಲ್ಲ. ಚೀಲ ಹೊತ್ತು ಹಿಂದೆ ನಡೆಯುತ್ತಿದ್ದ ನಾನು, ತೀರ್ಪು ಕೇಳಿದರೆ ಹೇಳೋಣವೆಂದು ಎರಡೂ ಕಡೆಯ ಸಾಧ್ಯತೆಗಳನ್ನು ತೂಗಿ ನೋಡಿ ಸಿದ್ಧವಾಗಿದ್ದೆ. ಯಾರೂ ಕೇಳಲಿಲ್ಲ.