ಸಂಬಳಕ್ಕೆ ಬೇಡಿದ ಚಿಕ್ಕಮ್ಮ

ನಮ್ಮ ವಂಶದಲ್ಲಿ ಸಂಬಳ ತಗೊಂಡು ಭಿಕ್ಷೆ ಬೇಡಿದ ಮೊದಲಿಗಳು ನಮ್ಮ ಚಿಕ್ಕಮ್ಮ! ಎಂಬತ್ತರ ದಶಕದ ಆರಂಭ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದವಳು ಕ್ಯಾಂಟೀನು, ಬಸ್ಸು, ಬೋನಸ್ಸು ಎಲ್ಲಕ್ಕೂ ಕೈ ಮುಗಿದು ಪೀಣ್ಯದ ಶೆಡ್ಡುಗಳ ನಡುವಿನ ಸಣ್ಣ ಸೇವಾ ಸಂಘವೊಂದನ್ನು ಸೇರಿಬಿಟ್ಟಳು. ಯಾಕೆ ಅಂತೀರಾ? ಯಾವುದೋ ಶೆಡ್ಡಿನಲ್ಲಿ ತಾಯಿಯೊಬ್ಬಳು ಕೂಸನ್ನು ಹಳೇ ಸೀರೆಯಿಂದ ಕಿಟಕಿ ಸರಳಿಗೆ ಕಟ್ಟಿ, ಡ್ರಿಲ್ಲಿಂಗ್ ಮಷಿನ್ ಮುಂದೆ ನಿಂತಿದ್ದನ್ನು ಕಂಡಳಂತೆ. ಅಂಥ ಮಕ್ಕಳಿಗೊಂದು ಶಿಶುವಿಹಾರ ಮಾಡುವುದು, ಅದಕ್ಕೆ ಬೇಕಾದ್ದನ್ನೆಲ್ಲ ಬೇಡಿ ತರುವುದು, ಇದೇ ಹೊಸ ಉದ್ಯೋಗ!

ತಾತ ಕೆಂಡವಾದರು. "ಬಿ.ಎ. ಓದಿ ಬೀದಿ ಬೇಡ್ತೀಯೇನೇ?"

"ಬಿ.ಎ. ಓದಿರೋದಕ್ಕೇ ಕುರ್ಚಿ ಕೊಡ್ತಾರಪ್ಪ, ಇಲ್ದಿದ್ರೆ ಗೇಟಲ್ಲೇ ನಿಲ್ಲಿಸ್ತಿದ್ರು!"

ಕಾಲೇಜಿಗೆ ರಜೆಯಿದ್ದುದರಿಂದ ನಾನೂ ಜೊತೆಗೆ ಹೊರಟೆ. ಮೊದಲ ಬೇಟೆ ಆ ಡ್ರಿಲ್ಲಿಂಗ್ ಶೆಡ್ಡಿನ ಮಾಲೀಕರೇ. ಅವರ ಹಿತ್ತಲಲ್ಲಿ ಒಂದು ಖಾಲಿ ಗೋದಾಮಿತ್ತು. ಚಿಕ್ಕಮ್ಮ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದ ಭಾಷಣ ಒಪ್ಪಿಸಿದಳು. ಅವರು ಆಕಳಿಸಿ, "ಮುಂದಿನ ವಾರ ನೋಡೋಣಮ್ಮ" ಅಂದರು. ಮುಂದಿನ ವಾರವೂ ಅದೇ ಆಕಳಿಕೆ, ಅದೇ ಮಾತು.

ಅದರ ಮುಂದಿನ ವಾರ ಭಾಷಣವೇ ಇಲ್ಲ! ಕಿಟಕಿಗೆ ಕಟ್ಟಿದ್ದ ಕೂಸನ್ನು ತಾಯಿಗೆ ಹೇಳಿ ಬಿಚ್ಚಿಕೊಂಡು, ನೇರ ಮಾಲೀಕರ ತೊಡೆಗೆ ಹಾಕಿದಳು. "ಸ್ವಲ್ಪ ಹಿಡ್ಕೊಂಡಿರಿ ಸಾರ್, ಕಾಫಿ ಕುಡ್ಕೊಂಡ್ ಬಂದ್ಬಿಡ್ತೀನಿ."

ಕಾಫಿಯನ್ನು ಅಷ್ಟು ನಿಧಾನ ಕುಡಿದ ಮನುಷ್ಯರನ್ನು ನಾನಂತೂ ಕಂಡಿಲ್ಲ! ವಾಪಸ್ ಬಂದಾಗ ಕೂಸು ಮಾಲೀಕರ ಕನ್ನಡಕ ಚೀಪುತ್ತಿತ್ತು. ಮೇಜಿನ ಮೇಲಿದ್ದ ಗೇರ್ ಬಾಕ್ಸಿನ ನಕ್ಷೆ ಪೂರ್ತಿ ಒದ್ದೆ.

"ಗೋದಾಮೂ ತಗೊಳ್ಳಿ, ಮಗೂನೂ ತಗೊಳ್ಳಿ!" ಎಂದು ಅವರು ಗೋಳಾಡಿದರು.

ಆಮೇಲೆ ತಡೆಯುವವರಾರು? ಪೈಪಿನ ಶೆಡ್ಡಿನವರು ತೊಟ್ಟಿಲ ಕಾಲು ಕೊಟ್ಟರು. ಪೇಂಟಿನವರು ಕೊಟ್ಟಿದ್ದು ಲೇತ್ ಮಷಿನ್ನಿನ ಹಸಿರು. ಸ್ಪ್ರಿಂಗಿನವರು ಧಾರಾಳಿಗಳು, ಲಾರಿಗೆ ಹಾಕುವಂಥದ್ದನ್ನೇ ಕಳಿಸಿದರು. ತೊಟ್ಟಿಲು ಗಟ್ಟಿಯಿದೆಯೋ ನೋಡುತ್ತೇನೆಂದು ಚಿಕ್ಕಮ್ಮನೇ ಅದರಲ್ಲಿ ಕೂತಳು. ಮೇಲೆ ಹೋದಳು, ಕೆಳಗೆ ಬಂದಳು, ಮತ್ತೆ ಮೇಲೆ ಹೋದಳು! ಇಳಿಸಲು ಇಬ್ಬರು ಫಿಟ್ಟರುಗಳು ಬೇಕಾದರು. ಇಳಿದವಳೇ ಸ್ಪ್ರಿಂಗಿನವರಿಗೆ ಫೋನ್ ಮಾಡಿ, "ಸಾರ್, ಮಕ್ಕಳನ್ನ ಮಲಗಿಸ್ಬೇಕು, ಚಂದ್ರಲೋಕಕ್ಕೆ ಕಳಿಸೋದಲ್ಲ!" ಅಂದಳು.

ಶಿಶುವಿಹಾರ ಶುರುವಾದ ದಿನ ಪೀಣ್ಯದ ಅರ್ಧ ಮಾಲೀಕರು ಬಂದಿದ್ದರು. ಪ್ರತಿಯೊಬ್ಬರೂ ಪಕ್ಕದವರಿಗೆ, "ಆ ತೊಟ್ಟಿಲಿನದು ನಮ್ಮ ಪೈಪು ಕಣ್ರೀ", "ಬಣ್ಣ ನಮ್ದು" ಅಂತ ತೋರಿಸಿದ್ದೇ ತೋರಿಸಿದ್ದು. ತಾತ ಮೊದಲ ಸಾಲಿನಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ "ನನ್ನ ಮಗಳು, ಬಿ.ಎ." ಎನ್ನುತ್ತಿದ್ದರು!

ಅಷ್ಟರಲ್ಲಿ ಎದುರು ಶೆಡ್ಡಿನಲ್ಲಿ ಬೋಲ್ಟು ಪ್ಯಾಕ್ ಮಾಡುವ ಹೆಂಗಸೊಬ್ಬಳು ತನ್ನ ಮಗಳನ್ನು ತಂದು ಚಿಕ್ಕಮ್ಮನ ಕೈಗಿಟ್ಟಳು. "ಅಕ್ಕಾ, ಮಗ ಅತ್ರೆ ಏಳಿ ಕಳ್ಸಿ" ಅಂದು ಹೊರಟವಳು ಎರಡು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದಳು. ಒಳಗೆ ಚಿಕ್ಕಮ್ಮನ ಹೆಸರು ಕೂಗಿ ಭಾಷಣಕ್ಕೆ ಕರೆದರು. ಅವಳು ಹೋಗಲಿಲ್ಲ. ಕಾಂಪೌಂಡಿನ ಪಕ್ಕ ನಿಂತು, ಬೋಲ್ಟಿನ ಶೆಡ್ಡಿನ ಕಿಟಕಿಗೆ ಕಾಣುವ ಹಾಗೆ ಆ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಒಳಗಿಂದ ಮತ್ತೆ ಕರೆದರೂ ಇಳಿಸಲಿಲ್ಲ.

"ಸಾಕು ಬಾರೇ" ಅಂದೆ.

"ಇರು, ಅವಳಿನ್ನೂ ನೋಡ್ತಿದಾಳೆ" ಅಂದಳು.